ಸೊಂಟ ಬಿದ್ದರೂ ಗುಡ್ಡ ಹತ್ತಿದರು. ಹಗ್ಗ ಹಿಡಿದವರು ಯಾರು?

ಮಳೆಗಾಲಕ್ಕೆ ಇನ್ನು ಹದಿನೈದು ದಿನ ಇದೆ ಅನ್ನುವಾಗ ಕರೂರು ಕೈಗಾರಿಕಾ ಪ್ರದೇಶದಲ್ಲಿ ಶೆಡ್ಡುಗಳ ಮೇಲೆ ಮನುಷ್ಯರು ಕಾಣಿಸಿಕೊಳ್ಳುತ್ತಾರೆ. ಸೋರುವ ಶೀಟು ಬದಲಿಸಬೇಕು, ಬೋಲ್ಟು ಬಿಗಿ ಮಾಡಬೇಕು, ಬಿರುಕು ಬಿಟ್ಟ ಕಡೆ ಡಾಂಬರು ಬಳಿಯಬೇಕು. ಹಳೇ ಸಿಮೆಂಟ್ ಶೀಟು ನೋಡೋಕೆ ಗಟ್ಟಿ, ಕಾಲಿಟ್ಟರೆ ಹಪ್ಪಳ. ಕೆಳಗೆ ಕಾಂಕ್ರೀಟ್ ನೆಲ. ಇಪ್ಪತ್ತು ಅಡಿ ಬೀಳೋಕೆ ಎಷ್ಟು ಹೊತ್ತು ಬೇಕು? 'ಅಯ್ಯೋ' ಅನ್ನುವಷ್ಟರಲ್ಲಿ ಆಳು ನೆಲದ ಮೇಲೆ.

ಕೈಯೋ ಕಾಲೋ ಮುರಿದರೆ ದೇವರು ದೊಡ್ಡವನು. ಬೆನ್ನು ಊರಿ ಬಿದ್ದರೆ ಕತೆಯೇ ಬೇರೆ. ಬೆನ್ನೆಲುಬಿನ ಒಳಗೆ ಇರುವ ಹುರಿ ಮಿದುಳಿನಿಂದ ಕೆಳಗಿಳಿದು ಬಂದ ಮೇನ್ ಲೈನ್ ಇದ್ದ ಹಾಗೆ. ಲೈನ್ ಎಲ್ಲಿ ಕಡಿಯಿತೋ ಅಲ್ಲಿಂದ ಆಚೆ ಬೀದಿಯೆಲ್ಲ ಕತ್ತಲೆ. ತಲೆ ಚುರುಕಾಗಿರುತ್ತೆ, ಕೈಯಲ್ಲಿ ಬಲ ಇರುತ್ತೆ, ಸೊಂಟದ ಕೆಳಗೆ ಮಾತ್ರ ಚಿವುಟಿದರೂ ಗೊತ್ತಾಗದು. ಡಾಕ್ಟರುಗಳು ಪ್ಯಾರಾಪ್ಲೀಜಿಯಾ ಅಂತಾರೆ, ಊರಿನವರು 'ಸೊಂಟ ಬಿತ್ತು' ಅಂತಾರೆ. ಶೆಡ್ಡಿನಿಂದಲೇ ಬೀಳಬೇಕೆಂದೇನಿಲ್ಲ. ಅಡಿಕೆ ಮರ ಇದೆ, ತೆಂಗಿನ ಮರ ಇದೆ, ರಾತ್ರಿ ಹೊತ್ತು ಪಿ.ಬಿ. ರಸ್ತೆಯಲ್ಲಿ ಲೈಟಿಲ್ಲದೆ ನಿಂತ ಟ್ರ್ಯಾಕ್ಟರ್ ಟ್ರೇಲರ್ ಇದೆ.

ಆಮೇಲೆ ಆಗುವುದನ್ನು ಎಲ್ಲರೂ ಯಾವುದೋ ಒಂದು ಮನೆಯಲ್ಲಿ ನೋಡಿಯೇ ಇರುತ್ತಾರೆ. ಮೊದಲ ತಿಂಗಳು ಮನೆ ತುಂಬ ಜನ, ಮೂಸಂಬಿ, ಬ್ರೆಡ್ಡು. ಎರಡನೇ ತಿಂಗಳು ಅರ್ಧಕ್ಕೆ ಅರ್ಧ. ಹಬ್ಬ ಒಂದೆರಡು ಕಳೆಯುವ ಹೊತ್ತಿಗೆ ಮಂಚ, ಗೋಡೆ, ಮೇಲೆ ತಿರುಗುವ ಫ್ಯಾನು. ದಿನಾ ಜತೆಯಲ್ಲಿ ಟೀ ಕುಡಿಯುತ್ತಿದ್ದವರು ಅವನ ಹೆಂಡತಿ ಸಂತೆಯಲ್ಲಿ ಸಿಕ್ಕರೆ 'ಹೆಂಗದಾನವ್ವ?' ಅಂತ ಕೇಳಿ ಚೀಲ ಎತ್ತಿಕೊಂಡು ಹೊರಟುಬಿಡುತ್ತಾರೆ. ಅವರು ಕೆಟ್ಟವರಂತಲ್ಲ. ಹೋಗಿ ಏನು ಮಾತಾಡಬೇಕು ಅಂತ ತಿಳಿಯದು, ಅಷ್ಟೇ.

ಇಂಥ ಸೊಂಟ ಬಿದ್ದವರು ಸಮುದ್ರ ಈಜಿದ್ದಾರೆ, ಹಿಮಾಲಯದ ಕಣಿವೆಯಲ್ಲಿ ಗಾಡಿ ಓಡಿಸಿದ್ದಾರೆ, ಗೋಡೆಯಂಥ ಬಂಡೆ ಹತ್ತಿದ್ದಾರೆ ಅಂದರೆ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತವರು 'ಸಿನಿಮಾ ಕತೆ ಬಿಡ್ರಿ' ಅನ್ನಬಹುದು. ಸಿನಿಮಾ ಅಲ್ಲ, ನಿಜ. ಪೇಪರುಗಳು ಆ ಒಬ್ಬನ ಫೋಟೋ ಹಾಕಿ, ಧೈರ್ಯ ಹೊಗಳಿ ಮುಗಿಸುತ್ತವೆ. ಫೋಟೋದ ಅಂಚಿನಲ್ಲಿ ಅರ್ಧ ಕತ್ತರಿಸಿ ಹೋದ ಇನ್ನೊಬ್ಬ ಇರುತ್ತಾನೆ. ಅವನ ಸುದ್ದಿ ಯಾರೂ ಬರೆಯುವುದಿಲ್ಲ.

ಗಾಡಿಯ ಹಿಂದೆ ಕೂತ ಹುಡುಗರು

1973ರ ಮಾತು. ಕೆನಡಾ ದೇಶದಲ್ಲಿ ಇಬ್ಬರು ಹುಡುಗರು ಮೀನು ಹಿಡಿಯಲು ಹೋಗಿ, ಪಿಕಪ್ ಗಾಡಿಯ ಹಿಂಭಾಗದಲ್ಲಿ ಕೂತು ವಾಪಸು ಬರುತ್ತಿದ್ದರು, ನಮ್ಮಲ್ಲಿ ಮದುವೆ ದಿಬ್ಬಣದವರು ಗೂಡ್ಸ್ ಗಾಡಿಯಲ್ಲಿ ಬರುವ ಹಾಗೆ. ಗಾಡಿ ಮಗುಚಿತು. ಡಾನ್ ಆಲ್ಡರ್ ಎದ್ದು ನಿಂತ. ಹದಿನೈದು ವರ್ಷದ ರಿಕ್ ಹ್ಯಾನ್ಸನ್ ಏಳಲಿಲ್ಲ.

ಮುಂದೆ ಹ್ಯಾನ್ಸನ್ ವೀಲ್‌ಚೇರ್ ಓಟಗಾರನಾದ. 1985ರ ಮಾರ್ಚ್‌ನಲ್ಲಿ ಕೈಯಿಂದ ಚಕ್ರ ತಳ್ಳುತ್ತ ಲೋಕ ಸುತ್ತಲು ಹೊರಟ. 34 ದೇಶ, 40 ಸಾವಿರ ಕಿಲೋಮೀಟರ್, 1987ರ ಮೇ ತಿಂಗಳವರೆಗೆ ಎರಡು ವರ್ಷಕ್ಕೂ ಮೇಲೆ. ಆ ದಾರಿಯಲ್ಲಿ ಬೆಂಗಾವಲು ತಂಡದಲ್ಲಿ ಇದ್ದವರಲ್ಲಿ ಒಬ್ಬ ಅದೇ ಡಾನ್ ಆಲ್ಡರ್. ಅಪಘಾತದಲ್ಲಿ ಗೀರೂ ಆಗದೆ ಎದ್ದವನಿಗೆ ಮಲಗಿದ ಗೆಳೆಯನ ಮುಖ ನೋಡೋದು ಎಷ್ಟು ಕಷ್ಟ ಅನ್ನೋದು ಅನುಭವಿಸಿದವರಿಗೇ ಗೊತ್ತು. ಎಷ್ಟೋ ಮಂದಿ ಅದಕ್ಕೇ ದೂರ ಸರಿಯುತ್ತಾರೆ. ಈತ ಸರಿಯಲಿಲ್ಲ.

ಹ್ಯಾನ್ಸನ್ ಕೂಡ ಆ ಸಾಲ ಮುಂಚೆಯೇ ಇನ್ನೊಬ್ಬನಿಗೆ ತೀರಿಸಿದ್ದ. 1977ರಲ್ಲಿ ಕ್ಯಾನ್ಸರಿಗೆ ಕಾಲು ಕೊಟ್ಟು ಕೂತಿದ್ದ ಹದಿಹರೆಯದ ಹುಡುಗನೊಬ್ಬನನ್ನು 'ಬಾ, ವೀಲ್‌ಚೇರ್ ಬ್ಯಾಸ್ಕೆಟ್‌ಬಾಲ್ ಆಡು' ಅಂತ ಕರೆದ. ಆ ಹುಡುಗ ಟೆರ್ರಿ ಫಾಕ್ಸ್. 1980ರಲ್ಲಿ ಕೃತಕ ಕಾಲು ಹಾಕಿಕೊಂಡು ಕೆನಡಾ ಉದ್ದಕ್ಕೂ ಓಡಲು ಹೊರಟವನು ಅವನೇ. ಮರುವರ್ಷ ತೀರಿಕೊಂಡ.

ಸಾಂಗ್ಲಿಯ ಸಿಪಾಯಿ

ಅಷ್ಟು ದೂರ ಯಾಕೆ, ಗಡಿಯಾಚೆಯ ಸಾಂಗ್ಲಿ ಜಿಲ್ಲೆಗೆ ಬನ್ನಿ. ಮುರಳೀಕಾಂತ್ ಪೇಟ್ಕರ್ ಅಲ್ಲಿಯವರು. ಸೇನೆಯಲ್ಲಿ ಬಾಕ್ಸರ್ ಆಗಿದ್ದವರು. 1965ರ ಪಾಕಿಸ್ತಾನ ಯುದ್ಧದಲ್ಲಿ ಮೈತುಂಬ ಗುಂಡು, ಒಂದು ಗುಂಡು ಬೆನ್ನೆಲುಬಿಗೆ. ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಚಿಕಿತ್ಸೆಗೆಂದು ನೀರಿಗಿಳಿದವರು ನೀರು ಬಿಡಲಿಲ್ಲ. 1972ರಲ್ಲಿ ಜರ್ಮನಿಯ ಹೈಡಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನಲ್ಲಿ 50 ಮೀಟರ್ ಈಜನ್ನು 37.33 ಸೆಕೆಂಡಿನಲ್ಲಿ ಮುಗಿಸಿ ಚಿನ್ನ ಗೆದ್ದರು. ಭಾರತಕ್ಕೆ ಪ್ಯಾರಾಲಿಂಪಿಕ್ಸ್‌ನ ಮೊದಲ ಚಿನ್ನ ಅದು.

ಹೋಗಿ ಬರುವ ಖರ್ಚಿಗೆ ಬೆನ್ನಿಗೆ ನಿಂತವರು ಹಳೇ ಕ್ರಿಕೆಟಿಗ ವಿಜಯ್ ಮರ್ಚೆಂಟ್. ಬ್ಯಾಟು ಹಿಡಿದು ಹೆಸರು ಮಾಡಿದ್ದ ಮರ್ಚೆಂಟ್ ಆಗ ಅಂಗವಿಕಲರ ಕೆಲಸಕ್ಕೆ ಕೈಹಾಕಿದ್ದರು. ಗೆದ್ದವರನ್ನು ದೇಶ ನೆನಪಿಸಿಕೊಳ್ಳಲು ಎಷ್ಟು ತಡವಾಯಿತು ನೋಡಿ. ಪೇಟ್ಕರ್ ಅವರಿಗೆ ಪದ್ಮಶ್ರೀ ಬಂದದ್ದು 2018ರಲ್ಲಿ, ಚಿನ್ನ ಗೆದ್ದು 46 ವರ್ಷದ ಮೇಲೆ!

ಕೋಟದ ಮಗಳು

ನಮ್ಮ ಕೋಟದಲ್ಲಿ 1958ರಲ್ಲಿ ಹುಟ್ಟಿದ ಮಾಲತಿ ಹೊಳ್ಳ ಅವರಿಗೆ ಬಿದ್ದ ಪೆಟ್ಟು ಬೆನ್ನಿಗಲ್ಲ. ವರ್ಷ ತುಂಬುವ ಹೊತ್ತಿಗೆ ಬಂದ ಜ್ವರ ಇಡೀ ಮೈಯನ್ನೇ ಹಿಡಿಯಿತು. ವಿದ್ಯುತ್ ಚಿಕಿತ್ಸೆ ಕೊಟ್ಟು ಕೊಟ್ಟು ಮೇಲಿನ ಅರ್ಧ ವಾಪಸು ಬಂತು, ಕೆಳಗಿನದು ಬರಲಿಲ್ಲ. ಮದ್ರಾಸಿನ ಒಂದು ಕೇಂದ್ರದಲ್ಲಿ ಹದಿನೈದು ವರ್ಷ, ಒಂದರ ಹಿಂದೊಂದು 30ಕ್ಕೂ ಹೆಚ್ಚು ಆಪರೇಷನ್. ಬಾಲ್ಯವೆಲ್ಲ ಆಸ್ಪತ್ರೆಯ ವಾಸನೆಯಲ್ಲೇ ಹೋಯಿತು ಅಂತ ಮರುಗಬಹುದು. ಆದರೆ ಸುತ್ತ ಇದ್ದ ಮಕ್ಕಳೆಲ್ಲ ಅವರಂಥವರೇ. ಅಲ್ಲಿ ಯಾರೂ ಯಾರನ್ನೂ 'ಪಾಪ' ಅನ್ನುವ ಹಾಗಿರಲಿಲ್ಲ.

ಮುಂದೆ ಸಿಂಡಿಕೇಟ್ ಬ್ಯಾಂಕಿನ ಕೆಲಸ, ಜತೆಗೆ ವೀಲ್‌ಚೇರ್ ಓಟ, ಗುಂಡು ಎಸೆತ, ಡಿಸ್ಕಸ್, ಜಾವೆಲಿನ್. 1988ರಲ್ಲಿ ಸೋಲ್ ಪ್ಯಾರಾಲಿಂಪಿಕ್ಸ್, 1989ರಲ್ಲಿ ಡೆನ್ಮಾರ್ಕಿನ ಕೂಟದಲ್ಲಿ ಚಿನ್ನದ ಮೇಲೆ ಚಿನ್ನ. ಅರ್ಜುನ ಪ್ರಶಸ್ತಿ, 2001ರಲ್ಲಿ ಪದ್ಮಶ್ರೀ. ಇಷ್ಟೆಲ್ಲ ಆದ ಮೇಲೆ ಅವರು ಮಾಡಿದ್ದು ಗೆಳೆಯರನ್ನು ಕೂಡಿಸಿಕೊಂಡು ಬೆಂಗಳೂರಿನಲ್ಲಿ 'ಮಾತೃ ಫೌಂಡೇಶನ್' ಕಟ್ಟಿದ್ದು. ಪೋಲಿಯೋ ಬಡಿದ, ಊರಿನಲ್ಲಿ ಮೂಲೆ ಸೇರಿದ ಮಕ್ಕಳಿಗೆ ಅಲ್ಲಿ ಊಟ, ಓದು, ಮಲಗಲು ಜಾಗ. ಪದಕಗಳ ಲೆಕ್ಕ ಮುನ್ನೂರು ದಾಟುತ್ತೆ ಅಂತಾರೆ. ಆ ಮನೆಯ ಲೆಕ್ಕ ಅದಕ್ಕಿಂತ ದೊಡ್ಡದು.

ಒಬ್ಬರಿಂದ ಒಬ್ಬರಿಗೆ

ಈಜಿನ ಇನ್ನೊಂದು ಜೋಡಿ ಮುಂಬೈಯದು. ರಾಜಾರಾಮ್ ಘಾಗ್ ಅವರಿಗೆ ಪೋಲಿಯೋದಿಂದ ಕಾಲು ಹೋಗಿತ್ತು. 1988ರಲ್ಲಿ ಇಂಗ್ಲಿಷ್ ಕಡಲ್ಗಾಲುವೆ ಈಜಿ ದಾಟಿದರು. ವರ್ಷಗಳು ಉರುಳಿದವು. ಬಿಹಾರ ಮೂಲದ ಶಮ್ಸ್ ಆಲಂ ಎಂಬ ಯುವ ಎಂಜಿನಿಯರು, ಕರಾಟೆ ಪಟು, ಬೆನ್ನುಹುರಿಯ ಗಡ್ಡೆ ತೆಗೆಸಿಕೊಳ್ಳಲು 2010ರಲ್ಲಿ ಆಸ್ಪತ್ರೆ ಸೇರಿದವರು ನಡೆಯಲಾಗದ ಸ್ಥಿತಿಯಲ್ಲಿ ಹೊರಬಂದರು. ಅವರನ್ನು ಕಂಡು ನೀರಿಗಿಳಿಯಲು ಹುರಿದುಂಬಿಸಿದವರು ಇದೇ ಘಾಗ್. ಕಾಲು ಸತ್ತವನು ಈಜುವುದೆಂದರೆ ಹಿಂದೆ ನೆನೆದ ಗೋಣಿಚೀಲ ಕಟ್ಟಿಕೊಂಡು ಈಜಿದ ಹಾಗೆ. ಎಳೆಯಬೇಕಾದ್ದು ಎರಡು ತೋಳು ಮಾತ್ರ. 2017ರಲ್ಲಿ ಶಮ್ಸ್ ನಮ್ಮ ಕಾರವಾರದ ಪಕ್ಕದ ಗೋವಾ ಸಮುದ್ರದಲ್ಲಿ 8 ಕಿಲೋಮೀಟರ್ ಈಜಿದರು.

ಹರಿಯಾಣದ ದೀಪಾ ಮಲಿಕ್ ಅವರದೂ ಬೆನ್ನುಹುರಿಯ ಗಡ್ಡೆಯೇ. 1999ರ ಆಪರೇಷನ್ ಆದ ಮೇಲೆ ಎದೆಯಿಂದ ಕೆಳಗೆ ಸ್ವಾಧೀನ ಇಲ್ಲ. 2008ರಲ್ಲಿ ಅಲಹಾಬಾದಿನ ಹತ್ತಿರ ಯಮುನೆಯಲ್ಲಿ ಪ್ರವಾಹಕ್ಕೆ ಎದುರಾಗಿ ಒಂದು ಕಿಲೋಮೀಟರ್ ಈಜಿದರು. ಕೈಯಲ್ಲೇ ಬ್ರೇಕು, ಕೈಯಲ್ಲೇ ಆಕ್ಸಿಲರೇಟರ್ ಇರುವ ಗಾಡಿಯಲ್ಲಿ ಹಿಮಾಲಯದ ರ‍್ಯಾಲಿಗಿಳಿದರು. 2016ರ ರಿಯೋದಲ್ಲಿ ಗುಂಡು ಎಸೆತದ ಬೆಳ್ಳಿ, 4.61 ಮೀಟರ್. ಪ್ಯಾರಾಲಿಂಪಿಕ್ಸ್ ಪದಕ ಗೆದ್ದ ಮೊದಲ ಭಾರತೀಯ ಮಹಿಳೆ. ರ‍್ಯಾಲಿ ಓಡಿಸುವುದಕ್ಕಿಂತ ಅದರ ಲೈಸೆನ್ಸು ಗಿಟ್ಟಿಸುವುದಕ್ಕೇ ಹೆಚ್ಚು ಕಷ್ಟಪಟ್ಟರಂತೆ. ಕಚೇರಿ ಮೆಟ್ಟಿಲು ಹತ್ತುವುದು ಎಲ್ಲ ಊರಲ್ಲೂ ಒಂದೇ ಸಾಹಸ!

ಏಳು ಸಾವಿರ ಸಾರಿ

ಚಿತ್ರದುರ್ಗದ ಕೋಟೆ ಗೋಡೆ ಹತ್ತುವವರನ್ನು ನಿಂತು ನೋಡಿದವರಿಗೆ ಮುಂದಿನದು ಚೆನ್ನಾಗಿ ಅರ್ಥವಾಗುತ್ತೆ. ಅಮೆರಿಕದ ಯೋಸೆಮಿಟಿ ಕಣಿವೆಯಲ್ಲಿ ಎಲ್ ಕ್ಯಾಪಿಟನ್ ಅಂತ ಒಂದು ಬಂಡೆ ಇದೆ. ನೇರ ಗೋಡೆ, 3 ಸಾವಿರ ಅಡಿಗೂ ಮೇಲೆ. ಮಾರ್ಕ್ ವೆಲ್‌ಮನ್ ಅನ್ನುವ ಹುಡುಗ 1982ರಲ್ಲಿ ಬೇರೊಂದು ಬೆಟ್ಟ ಇಳಿಯುವಾಗ ಬಿದ್ದು ಬೆನ್ನು ಮುರಿದುಕೊಂಡ. ಜತೆಗಿದ್ದವನು ಸಹಾಯ ತರಲು ಕೆಳಗಿಳಿದು ಹೋದ. ಮಾರ್ಕ್ ಆ ರಾತ್ರಿ ಬೆಟ್ಟದ ಮೇಲೆ ಚಳಿಯಲ್ಲಿ ಒಬ್ಬನೇ ಬಿದ್ದಿದ್ದ. ಬದುಕಿದ, ಆದರೆ ಕಾಲು ಹೋಯಿತು.

ಅದೇ ಕಣಿವೆಯಲ್ಲಿ ಮೈಕ್ ಕಾರ್ಬೆಟ್ ಅಂತ ಇನ್ನೊಬ್ಬ. ಹೊಟ್ಟೆಪಾಡಿಗೆ ಕಸ ಗುಡಿಸುವ ಕೆಲಸ, ಹುಚ್ಚು ಬಂಡೆ ಹತ್ತುವುದು. ಎಲ್ ಕ್ಯಾಪಿಟನ್ನನ್ನು ಅವನಷ್ಟು ಸಾರಿ ಹತ್ತಿದವರು ಆಗ ಇರಲಿಲ್ಲ. ಇಬ್ಬರೂ ಸೇರಿ ಲೆಕ್ಕ ಹಾಕಿದರು. ಕಾಲಿಲ್ಲದಿದ್ದರೆ ಏನಾಯಿತು, ಹಗ್ಗಕ್ಕೆ ಹಿಡಿ ಸಿಕ್ಕಿಸಿ ಕೈಯಿಂದ ಮೈ ಎಳೆದುಕೊಂಡರೆ ಒಂದು ಸಾರಿಗೆ ಆರು ಅಂಗುಲ ಮೇಲೆ ಹೋಗಬಹುದು. ಹಾಗೆ ಸುಮಾರು ಏಳು ಸಾವಿರ ಸಾರಿ ಎಳೆಯಬೇಕು. 1989ರ ಜುಲೈನಲ್ಲಿ ಹೊರಟರು. ಬಿಸಿಲಿಗೆ ಬಂಡೆ ಕಾದ ಹೆಂಚು. ರಾತ್ರಿ ಗೋಡೆಗೆ ನೇತುಬಿದ್ದೇ ನಿದ್ದೆ. ಏಳು ದಿನ ಹಿಡಿಯಿತು.

ಮಾರ್ಕ್ ಒಂದು ಸಾರಿ ಹತ್ತಿದ. ಮೈಕ್? ಮೊದಲು ತಾನು ಹತ್ತಿ ಹಗ್ಗ ಕಟ್ಟಬೇಕು. ಮತ್ತೆ ಇಳಿದು ಬಂಡೆಗೆ ಸಿಕ್ಕಿಸಿದ ಸಾಮಾನು ಬಿಚ್ಚಿಕೊಳ್ಳಬೇಕು. ಮತ್ತೆ ಹತ್ತಬೇಕು. ಒಂದೊಂದು ಹಗ್ಗದ ಉದ್ದಕ್ಕೂ ಇದೇ ಪಾಡು. ನೀರಿನ ಮೂಟೆ ಎಳೆಯುವುದು ಬೇರೆ. ಎರಡು ವರ್ಷ ಬಿಟ್ಟು, 1991ರಲ್ಲಿ, ಇಬ್ಬರೂ ಪಕ್ಕದ ಹಾಫ್ ಡೋಮ್ ಬಂಡೆಗೂ ಹೋದರು. ಅದಕ್ಕೆ 13 ದಿನ.

ಕೈ ಹೇಗೆ ಬಲಿಯಿತು?

ಇವರೆಲ್ಲರ ತೋಳು ಜಟ್ಟಿಯ ತೋಳಿನ ಹಾಗಿರುವುದಕ್ಕೆ ಕಾರಣ ಇದೆ. ಸ್ಪರ್ಶ ಇಲ್ಲದ ಮೈ ಒಂದೇ ಮಗ್ಗುಲಲ್ಲಿ ಇದ್ದರೆ ಚರ್ಮಕ್ಕೆ ರಕ್ತ ಹೋಗದು, ಹಾಸಿಗೆ ಹುಣ್ಣು ಆಗುತ್ತೆ. ನೋವೇ ಇಲ್ಲವಲ್ಲ, ಎಲುಬು ಕಾಣುವ ತನಕ ಗೊತ್ತಾಗದು. ಮಲಗಿದ್ದರೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಕುರ್ಚಿಯಲ್ಲಿದ್ದರೆ ಕಾಲು ಗಂಟೆ, ಅರ್ಧ ಗಂಟೆಗೊಮ್ಮೆ ಎರಡೂ ಕೈ ಊರಿ ಮೈ ಮೇಲೆತ್ತಬೇಕು. ದಿನಾ ಈ ದಂಡ ಹೊಡೆದವನಿಗೆ ಹಗ್ಗ ಎಳೆಯುವುದು ಮುಂದಿನ ಪಾಠ. ಹಿಂದೆಲ್ಲ ಬೆನ್ನುಹುರಿ ಕಡಿದವರು ಹುಣ್ಣು, ಮೂತ್ರದ ಸೋಂಕಿನಿಂದ ಒಂದೆರಡು ವರ್ಷದಲ್ಲಿ ಸಾಯುತ್ತಿದ್ದರು. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯಲ್ಲಿ ಡಾ. ಲುಡ್ವಿಗ್ ಗಟ್‌ಮನ್ ಆ ಲೆಕ್ಕ ತಿರುಗಿಸಿದರು. ಅವರ ಔಷಧಗಳಲ್ಲಿ ಒಂದು ಆಟ. 1948ರ ಜುಲೈ 29ರಂದು ಅವರು 16 ಜನರನ್ನು ಕೂರಿಸಿ ಬಿಲ್ಲು ಬಾಣ ಕೊಟ್ಟರು. ಪ್ಯಾರಾಲಿಂಪಿಕ್ಸ್ ಅಲ್ಲಿಂದಲೇ ಬಂದದ್ದು.

ಇದನ್ನು ಓದಿ ಯಾರೂ ನಾಳೆಯೇ ಸೊಂಟ ಬಿದ್ದ ಗೆಳೆಯನನ್ನು ಹರಿಹರದ ಹೊಳೆಗೆ ಇಳಿಸುವುದು ಬೇಡ. ತುಂಗಭದ್ರೆಯ ಕಲ್ಲು ಕಾಲು ಕೊಯ್ದರೂ ಅವನಿಗೆ ತಿಳಿಯದು. ತರಬೇತಿ ಬೇಕು, ಪಕ್ಕದಲ್ಲಿ ಬಲ್ಲವರು ಬೇಕು. ಮೊದಲು ಬೇಕಾದದ್ದು ಅವನನ್ನು ಮಂಚದಿಂದ ಕುರ್ಚಿಗೆ ತರುವುದು. ಅದಕ್ಕೆ ದೂರ ಹೋಗಬೇಕಿಲ್ಲ, ಅಂಗವಿಕಲರ ಪುನರ್ವಸತಿಗೆಂದೇ ಕೇಂದ್ರ ಸರ್ಕಾರದ ಸಂಯೋಜಿತ ಪ್ರಾದೇಶಿಕ ಕೇಂದ್ರ, ಜನ ಸಿ.ಆರ್.ಸಿ. ಅನ್ನುವುದು, ದಾವಣಗೆರೆಯಲ್ಲೇ ಇದೆ.

ಇನ್ನೊಂದು ಮಾತು ಕರೂರಿನ ಶೆಡ್ಡುಗಳವರಿಗೆ. ಮೇಲಿಂದ ಬಿದ್ದವನನ್ನು ಗಾಬರಿಯಲ್ಲಿ ಕೈ ಇಬ್ಬರು, ಕಾಲು ಇಬ್ಬರು ಹಿಡಿದು ಆಟೋದಲ್ಲಿ ಮಡಿಚಿ ತುರುಕಬೇಡಿ. ಪೂರ್ತಿ ಕಡಿಯದ ಹುರಿ ಆ ಎಳೆದಾಟದಲ್ಲೇ ಕಡಿಯಬಹುದು. ಕುತ್ತಿಗೆ, ಬೆನ್ನು ಅಲುಗದಂತೆ ಬಿದ್ದಲ್ಲೇ ಬಿಟ್ಟು, ಆಂಬುಲೆನ್ಸ್‌ಗೆ 108 ಹಚ್ಚಿ. ಅದಕ್ಕೂ ಮೊದಲು, ಮೇಲೆ ಹತ್ತಿಸುವಾಗಲೇ ಇಡೀ ಮೈಗೆ ಹಾಕುವ ಸೇಫ್ಟಿ ಬೆಲ್ಟು ಕಟ್ಟಿಸಿ, ಶೀಟಿನ ಮೇಲೆ ಓಡಾಡಲು ಹಲಗೆ ಹಾಕಿಸಿ. ಒಂದು ದಿನದ ಕೂಲಿಗೆ ಬಂದವನ ಹೆಸರು ಯಾವ ರಿಜಿಸ್ಟರಿನಲ್ಲಿದೆ ಅನ್ನೋದನ್ನೂ ಮಾಲೀಕರು ಆವತ್ತೇ ನೋಡಿಕೊಂಡರೆ ಒಳ್ಳೇದು.

ಅಂಗಡಿಯವರಿಗೂ ಒಂದು ಕೆಲಸ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಾರ್ವಜನಿಕ ಕಟ್ಟಡ, ಬಸ್ಸುಗಳಿಗೆ ವೀಲ್‌ಚೇರ್ ಹೋಗುವಂತಿರಬೇಕು ಅನ್ನುತ್ತೆ. ಬಸ್ಸಿನ ಮೆಟ್ಟಿಲು ಸರ್ಕಾರ ನೋಡಿಕೊಳ್ಳಲಿ. ಚರಂಡಿ ಮೇಲೆ ಮೂರು ಮೆಟ್ಟಿಲು ಕಟ್ಟಿ ಕೂತ ಅಂಗಡಿಗೆ ಇಳಿಜಾರು ಮಾಡಿಸುವವರು ಮೇಸ್ತ್ರಿಗೆ ಅಳತೆ ಸರಿಯಾಗಿ ಹೇಳಬೇಕು: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಮೇಸ್ತ್ರಿ 'ನಾಲ್ಕಡಿ ಸಾಕು ಸ್ವಾಮಿ' ಅಂತಾನೆ. ಒಪ್ಪಬೇಡಿ. ಅಷ್ಟು ಕಡಿದಾದರೆ ಕುರ್ಚಿ ಹಿಂದಕ್ಕೆ ಮಗುಚುತ್ತೆ.