ಮಾಟಗಾತಿಯ ಮುಖ ಹಸಿರಾದದ್ದು ಯಾವಾಗ?

ಕಾರ್ಟೂನಿನ ಮಾಟಗಾತಿ ಎಂದರೆ ಹಸಿರು ಮುಖ, ಉದ್ದ ಮೂಗು, ಚೂಪು ಟೋಪಿ. ನಮ್ಮ ನಾನಿ ಹೇಳುತ್ತಿದ್ದ ಚುಡೈಲಿಗೆ ಬಣ್ಣವೇ ಇರಲಿಲ್ಲ, ಪಾದಗಳು ಮಾತ್ರ ಹಿಂದಕ್ಕೆ ತಿರುಗಿದ್ದವು. ಹಾಗಾದರೆ ಈ ಹಸಿರು ಎಲ್ಲಿಂದ ಬಂತು?

ಅಮೆರಿಕದ ಎಲ್. ಫ್ರಾಂಕ್ ಬಾಮ್ 1900ರಲ್ಲಿ ಬರೆದ ಓಝ್ ಕಥೆಯಲ್ಲಿ ಪಶ್ಚಿಮದ ದುಷ್ಟ ಮಾಟಗಾತಿಗೆ ಒಂದೇ ಕಣ್ಣು. ಅವಳು ಹಸಿರು ಎಂದು ಅಲ್ಲಿಲ್ಲ. 1939ರಲ್ಲಿ 'ದಿ ವಿಝರ್ಡ್ ಆಫ್ ಓಝ್' ಸಿನಿಮಾ ಬಂತು. ಆಗ ಬಣ್ಣದ ಸಿನಿಮಾಗಳು ಕಡಿಮೆ; ಪುಸ್ತಕದ ಬೆಳ್ಳಿ ಬೂಟು ಪರದೆಯ ಮೇಲೆ ಕೆಂಪಾಯಿತು, ಮಾಟಗಾತಿಯ ಮುಖ ಹಸಿರಾಯಿತು. ಆ ಪಾತ್ರ ಮಾಡಿದ ಮಾರ್ಗರೆಟ್ ಹ್ಯಾಮಿಲ್ಟನ್ ಮೊದಲು ಪುಟ್ಟ ಮಕ್ಕಳ ಟೀಚರ್ ಆಗಿದ್ದವರು! ಬೆಂಕಿಯ ದೃಶ್ಯವೊಂದರಲ್ಲಿ ಅವರ ಮುಖ, ಕೈ ನಿಜವಾಗಿಯೂ ಸುಟ್ಟವು.

1995ರಲ್ಲಿ ಗ್ರೆಗರಿ ಮಗ್ವೈರ್ 'ವಿಕೆಡ್' ಕಾದಂಬರಿಯಲ್ಲಿ ಅದೇ ಕಥೆಯನ್ನು ಮಾಟಗಾತಿಯ ಕಡೆಯಿಂದ ಹೇಳಿದರು. ಬಾಮ್ ಹೆಸರಿಡದೆ ಬಿಟ್ಟವಳಿಗೆ ಎಲ್ಫಬಾ ಎಂದು ಹೆಸರಿಟ್ಟರು. ಹುಟ್ಟಿನಿಂದಲೇ ಹಸಿರಾದ ಈ ಹುಡುಗಿ ನಮ್ಮ ಹಾಗೆ ಕಾಲೇಜಿಗೆ ಹೋಗುತ್ತಾಳೆ. ಜನ ದೂರ ಸರಿಯಲು ಆ ಬಣ್ಣವೇ ಸಾಕಾಯಿತು. ಅಧಿಕಾರದಲ್ಲಿದ್ದವರನ್ನು ಎದುರಿಸಿದ ಮೇಲಂತೂ 'ದುಷ್ಟೆ' ಎಂಬ ಹೆಸರೇ ಅಂಟಿತು.

ಇದನ್ನು ತಿಳಿದ ಮೇಲೆ ನಾನಿಯನ್ನು ಕೇಳಿದೆ: ಚುಡೈಲ್ ಯಾಕೆ ಚುಡೈಲ್ ಆದಳು? "ಹೆರಿಗೆಯಲ್ಲಿ ಸತ್ತವಳು ಬೇಟಾ, ಮನೆಯವರು ಸರಿಯಾಗಿ ನೋಡಿಕೊಳ್ಳಲಿಲ್ಲ" ಎಂದರು. ನಾವು ಚಿಕ್ಕವರಿದ್ದಾಗ ಈ ಭಾಗವನ್ನು ಅವರು ಹೇಳಿರಲೇ ಇಲ್ಲ.