ಕ್ರೈಸ್ತ ವಿವಾಹವೂ ಸ್ತ್ರೀಪುರುಷರ ಸಮಾನತೆಯೂ

ಮಗಳು ಹೈಸ್ಕೂಲು ಮುಗಿಸಿದ ಕೂಡಲೆ ತಂದೆತಾಯಿಗಳಿಗೆ ಅವಳ ವಿವಾಹದ ಚಿಂತೆ ಹುಟ್ಟುವದು ಸಹಜವೇ. ಆ ಚಿಂತೆಯ ಬೆನ್ನಿಗೆ ನಮ್ಮ ಕ್ರೈಸ್ತ ಮನೆಗಳಲ್ಲಿ ಒಂದು ಪ್ರಶ್ನೆಯೂ ಏಳುತ್ತದೆ: ಗಂಡನು ಹೆಂಡತಿಗೆ ತಲೆಯೆಂದು ಸತ್ಯವೇದವೇ ಹೇಳಿದ ಮೇಲೆ ಸಮಾನತೆಯ ಮಾತಿಗೆ ಎಡೆಯೆಲ್ಲಿ? ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಈ ಕಡೆಯ ನಮ್ಮ ಪಾಲಕರಿಗೂ ಹಳೇ ವಿದ್ಯಾರ್ಥಿನಿಯರಿಗೂ ಉಪಯೋಗವಾಗಲೆಂದು, ಸತ್ಯವೇದವು ಏನು ಹೇಳುತ್ತದೆ, ಕಾಯ್ದೆಯು ಏನು ಹೇಳುತ್ತದೆ, ಮನೆಯಲ್ಲಿ ನಡೆಯತಕ್ಕದ್ದೇನು ಎಂಬ ಮೂರು ಸಂಗತಿಗಳನ್ನು ಇಲ್ಲಿ ಕ್ರಮವಾಗಿ ವಿವರಿಸುವೆವು.

ಆದಿಕಾಂಡದ ಮೊದಲನೆಯ ಅಧ್ಯಾಯದಲ್ಲಿ ಗಂಡೂ ಹೆಣ್ಣೂ ದೇವರ ಸ್ವರೂಪದಲ್ಲಿಯೇ ನಿರ್ಮಿಸಲ್ಪಟ್ಟರು. ಭೂಮಿಯ ಮೇಲಣ ದೊರೆತನವು ಇಬ್ಬರಿಗೂ ಕೂಡಿಯೇ ಕೊಡಲ್ಪಟ್ಟಿತು. ಎರಡನೆಯ ಅಧ್ಯಾಯದಲ್ಲಿ ಸ್ತ್ರೀಯನ್ನು ಪುರುಷನ ಸಹಾಯವೆಂದು ಕರೆದಿರುವದು ನಿಜ. ಆದರೆ ಅಲ್ಲಿರುವ ಇಬ್ರಿಯ ಶಬ್ದವು ಕೀರ್ತನೆಗಳಲ್ಲಿ ದೇವರ ಸಹಾಯಕ್ಕೇ ಉಪಯೋಗಿಸಲ್ಪಟ್ಟಿದೆ. ಆದಕಾರಣ ಅದು ಆಳಿನ ಕೆಲಸವನ್ನು ಸೂಚಿಸುವ ಶಬ್ದವಲ್ಲ. ಗಂಡನು ಹೆಂಡತಿಯ ಮೇಲೆ ಒಡೆತನ ಮಾಡುವನೆಂಬ ಮಾತು ಮೊದಲಾಗಿ ಕಾಣುವದು ಮೂರನೆಯ ಅಧ್ಯಾಯದಲ್ಲಿ, ಪಾಪವು ಲೋಕಕ್ಕೆ ಬಂದ ತರುವಾಯ. ಅದು ಕೆಟ್ಟುಹೋದ ಸ್ಥಿತಿಯ ವರ್ಣನೆಯೇ ಹೊರತು ದೇವರ ಮೊದಲಿನ ಸಂಕಲ್ಪವಲ್ಲ.

ಇನ್ನು ಪೌಲನ ಮಾತು. ಎಫೆಸದವರಿಗೆ ಬರೆದ ಪತ್ರಿಕೆಯ ಐದನೆಯ ಅಧ್ಯಾಯವನ್ನು ವಿವಾಹದ ಹೊತ್ತಿನಲ್ಲಿ ಓದುವರು. ಹೆಂಡತಿಯು ಗಂಡನಿಗೆ ಅಧೀನಳಾಗಿರಲಿ ಎಂಬುದನ್ನು ಕೇಳಿದವರು ಅದರ ಹಿಂದಿನ ವಚನವನ್ನು ಮರೆಯುತ್ತಾರೆ. ಅಲ್ಲಿ ವಿಶ್ವಾಸಿಗಳೆಲ್ಲರೂ ಒಬ್ಬರಿಗೊಬ್ಬರು ಅಧೀನರಾಗಿರಬೇಕೆಂಬ ಅಪ್ಪಣೆಯಿದೆ. ಮುಂದಿನ ವಚನಗಳನ್ನೂ ಎಣಿಸಿ ನೋಡಬೇಕು: ಹೆಂಡತಿಯರಿಗೆ ಬರೆದದ್ದು ಸ್ವಲ್ಪ, ಗಂಡಂದಿರಿಗೆ ಬರೆದದ್ದು ಬಹಳ. ಕ್ರಿಸ್ತನು ಸಭೆಗೋಸ್ಕರ ತನ್ನ ಪ್ರಾಣವನ್ನು ಕೊಟ್ಟ ರೀತಿಯಲ್ಲಿ ಗಂಡನು ಹೆಂಡತಿಗೋಸ್ಕರ ತನ್ನನ್ನು ಒಪ್ಪಿಸಿಕೊಡಬೇಕು. ಇಂಥ ತಲೆತನದಲ್ಲಿ ಹೊಡೆತಕ್ಕೂ ಬೈಗುಳಕ್ಕೂ ಸ್ಥಳವಿಲ್ಲ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿಯಂತೂ ಗಂಡನಿಗೆ ಹೆಂಡತಿಯ ದೇಹದ ಮೇಲೆ ಎಷ್ಟು ಅಧಿಕಾರವೋ ಹೆಂಡತಿಗೆ ಗಂಡನ ದೇಹದ ಮೇಲೆ ಅಷ್ಟೇ ಅಧಿಕಾರವೆಂದು ಅಪೋಸ್ತಲನು ಸ್ಪಷ್ಟಪಡಿಸಿದ್ದಾನೆ.

ಸ್ತ್ರೀಯು ಉಪದೇಶಮಾಡದೆ ಮೌನವಾಗಿರಬೇಕೆಂಬ ಮಾತೂ ತಿಮೊಥೆಯನಿಗೆ ಬರೆದ ಪತ್ರಿಕೆಯಲ್ಲಿ ಉಂಟು. ಅದು ಎಲ್ಲ ಕಾಲಕ್ಕೂ ಸಲ್ಲುವ ನಿಯಮವೆಂದು ನಡೆಯುವ ಸಭೆಗಳು ಈಗಲೂ ಇವೆ. ಆ ಕಾಲದ ಆ ಊರಿನ ಸಭೆಗೆ ಹೇಳಿದ ಬುದ್ಧಿಯೆಂದು ತಿಳಿಯುವ ಸಭೆಗಳೂ ಇವೆ. ನಾವು ಎರಡನೆಯ ಪಕ್ಷವನ್ನು ಹಿಡಿಯುತ್ತೇವೆ. ಯಾಕಂದರೆ ಪೌಲನು ಫೊಯಿಬೆಯೆಂಬ ಸ್ತ್ರೀಯನ್ನು ಸಭೆಯ ಸೇವಕಿಯೆಂದು ಹೆಸರಿಸಿ ಹೊಗಳಿದ್ದಾನೆ. ಪ್ರಿಸ್ಕಿಲ್ಲಳೂ ಆಕೆಯ ಗಂಡನಾದ ಅಕ್ವಿಲನೂ ಕೂಡಿ ಅಪೊಲ್ಲೋಸನೆಂಬ ವಿದ್ವಾಂಸನಿಗೆ ದೇವರ ಮಾರ್ಗವನ್ನು ವಿವರಿಸಿ ಹೇಳಿದರು. ಈ ದಂಪತಿಗಳಿಬ್ಬರೂ ಗುಡಾರ ಮಾಡುವ ಒಂದೇ ಕಸುಬಿನವರು. ಬೆಟಗೇರಿಯ ನೇಕಾರರ ಮನೆಗಳನ್ನು ಬಲ್ಲವರಿಗೆ ಇಂಥ ಸಂಸಾರವು ಹೊಸದಲ್ಲ. ಹೆಂಡತಿಯು ಕಂಡಿಕೆ ಸುತ್ತದಿದ್ದರೆ ಗಂಡನ ಲಾಳಿಯು ಓಡದು. ದುಡಿಮೆಯಲ್ಲಿ ಸರಿಪಾಲು ಇರುವಾಗ ಮಾನದಲ್ಲಿಯೂ ಆಲೋಚನೆಯಲ್ಲಿಯೂ ಯಾಕೆ ಇರಬಾರದು?

ಈ ಸಮಾನತೆಯು ವಿಲಾಯತಿಯಿಂದ ಬಂದ ವಸ್ತುವೆಂದು ಕೆಲವರು ತಿಳಿಯುವರು. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೂ, 1837ರಲ್ಲಿ ಧಾರವಾಡಕ್ಕೂ, 1841ರಲ್ಲಿ ಬೆಟಗೇರಿಗೂ ಬಂದು ನೆಲೆಸಿದರು. ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಿದ್ದು ಅವರ ದೊಡ್ಡ ಉಪಕಾರ. ಆದರೂ ಆ ಕಾಲದಲ್ಲಿ ಅವರ ಮಿಶನರಿಯು ಬಾಸೆಲಿನ ಕಮಿಟಿಯ ಅಪ್ಪಣೆಯಿಲ್ಲದೆ ಲಗ್ನವಾಗಲು ಬರುತ್ತಿರಲಿಲ್ಲ. ಮುಖಪರಿಚಯವೇ ಇಲ್ಲದ ವರನಿಗಾಗಿ ಸಮುದ್ರ ದಾಟಿ ಬಂದ ವಧುಗಳೂ ಇದ್ದರು. ಇತ್ತ ನಮ್ಮ ಗದಗಿನ ಸಮೀಪದ ಲಕ್ಕುಂಡಿಯಲ್ಲಿ ಅತ್ತಿಮಬ್ಬೆಯೆಂಬ ಜೈನ ಮಹಿಳೆಯು, ಪತಿಯು ತೀರಿಕೊಂಡ ಮೇಲೆ ಬಾಳನ್ನು ಧರ್ಮಕಾರ್ಯಕ್ಕೆ ಮೀಸಲಾಗಿಟ್ಟು, 1007ರಲ್ಲಿ ಬಸದಿಯನ್ನು ಕಟ್ಟಿಸಿದಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಸ್ತ್ರೀಯ ಯೋಗ್ಯತೆಯನ್ನು ಈ ನೆಲವು ಮೊದಲೇ ಕಂಡಿತ್ತು.

ಕಾಯ್ದೆಯ ಸಂಗತಿ ಹೀಗಿದೆ. ಮೊದಲು ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರವು ಮಿರಜ ಸಂಸ್ಥಾನಕ್ಕೂ ಸೇರಿದ್ದವು. ಗದಗ, ಮುಂಡರಗಿಗಳು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯಲ್ಲಿದ್ದವು. 1948ರಲ್ಲಿ ಸಂಸ್ಥಾನಗಳು ವಿಲೀನವಾದವು. 1997ರಿಂದ ಈ ಎಲ್ಲ ಊರುಗಳೂ ಗದಗ ಜಿಲ್ಲೆಯಲ್ಲಿವೆ. 1872ರ ಕ್ರೈಸ್ತ ವಿವಾಹದ ಕಾಯ್ದೆಯು ದೇಶೀ ಕ್ರೈಸ್ತರಲ್ಲಿ ವರನಿಗೆ 16, ವಧುವಿಗೆ 13 ವರ್ಷ ದಾಟಿರಬೇಕೆಂದೂ, ಇಬ್ಬರಿಗೂ ಜೀವಂತ ಸಂಗಾತಿಯು ಇರಬಾರದೆಂದೂ ವಿಧಿಸಿತು. ಈಗ ಆ ವಯಸ್ಸು 21 ಮತ್ತು 18. ಆದರೆ ಅಪ್ರಾಪ್ತರ ಲಗ್ನಕ್ಕೆ ಒಪ್ಪಿಗೆ ಕೊಡುವ ಅಧಿಕಾರವನ್ನು ಅದೇ ಕಾಯ್ದೆಯು ಮೊದಲು ತಂದೆಗೆ, ಅವನಿಲ್ಲದಿದ್ದರೆ ಪೋಷಕನಿಗೆ, ಅವನೂ ಇಲ್ಲದಿದ್ದರೆ ಮಾತ್ರ ಹೆತ್ತ ತಾಯಿಗೆ ಕೊಟ್ಟಿತು.

1869ರ ವಿವಾಹವಿಚ್ಛೇದನದ ಕಾಯ್ದೆಯಲ್ಲಿ ಭೇದವು ಇನ್ನೂ ಕಠಿಣವಾಗಿತ್ತು. ಹೆಂಡತಿಯ ವ್ಯಭಿಚಾರವೊಂದೇ ಗಂಡನಿಗೆ ಸಾಕಾದ ಕಾರಣ. ಹೆಂಡತಿಯಾದರೋ ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯ, ಪರಿತ್ಯಾಗ ಮುಂತಾದ ಮತ್ತೊಂದು ದೋಷವನ್ನೂ ಸಾಬೀತುಪಡಿಸಬೇಕಿತ್ತು. ಹೆಂಡತಿಯನ್ನು ಕೆಡಿಸಿದವನಿಂದ ಗಂಡನು ಹಣದ ಪರಿಹಾರ ಕೇಳಬಹುದಾಗಿತ್ತು, ಅವಳು ಅವನ ಸೊತ್ತೋ ಎಂಬಂತೆ. 2001ರ ತಿದ್ದುಪಡಿಯಿಂದ ಈ ಎರಡೂ ಅನ್ಯಾಯಗಳು ತೊಲಗಿದವು. ಅಂದರೆ ಪೌಲನು ಕೊರಿಂಥದವರಿಗೆ ಬರೆದ ನ್ಯಾಯಕ್ಕೆ ಕಾಯ್ದೆಯು ಬಂದು ಮುಟ್ಟಲು 132 ವರ್ಷ ಹಿಡಿಯಿತು.

ಆಸ್ತಿಯ ವಿಷಯದಲ್ಲಿ ಕಾಯ್ದೆಯು ಮುಂದಿತ್ತು. 1865ರ ಉತ್ತರಾಧಿಕಾರದ ಕಾಯ್ದೆಯೂ ಅದರ ಸ್ಥಾನದಲ್ಲಿ ಬಂದ 1925ರ ಕಾಯ್ದೆಯೂ ಕ್ರೈಸ್ತರ ಮಗನಿಗೂ ಮಗಳಿಗೂ ಸರಿಪಾಲು ಕೊಟ್ಟಿವೆ. ಮರಣಪತ್ರ ಬರೆಯದೆ ತೀರಿಕೊಂಡವನಿಗೆ ಹೆಂಡತಿಯೂ ಮಕ್ಕಳೂ ಇದ್ದರೆ, ಮೂರರಲ್ಲೊಂದು ಭಾಗವು ವಿಧವೆಗೆ. ಉಳಿದದ್ದು ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ.

ಸಭೆಯೂ ನಿಂತಲ್ಲಿ ನಿಲ್ಲಲಿಲ್ಲ. ದಕ್ಷಿಣ ಭಾರತ ಸಭೆಯು 1976ರಲ್ಲಿ ಮೊದಲ ಸಾರಿ ಸ್ತ್ರೀಗೆ ಪಾದ್ರಿಯ ದೀಕ್ಷೆಯನ್ನು ಕೊಟ್ಟಿತು. 2013ರಲ್ಲಿ ಪುಷ್ಪಲಲಿತಾ ಎಂಬವರು ನಂದ್ಯಾಲದ ಬಿಷಪ್ಪರಾದರು.

ಉಳಿದದ್ದು ಮನೆ. ಪಾಲಕರೇ, ಕಾಯ್ದೆಯು ಕೊಟ್ಟದ್ದನ್ನು ಮನೆಯವರೇ ಕಸಿದುಕೊಳ್ಳುವದುಂಟು. ಮದುವೆಯಲ್ಲಿ ಕೊಟ್ಟದ್ದೇ ಅವಳ ಪಾಲೆಂದು ಹೇಳಿ, ತಂದೆ ತೀರಿದ ಮೇಲೆ ಹಕ್ಕುಬಿಟ್ಟ ಪತ್ರಕ್ಕೆ ಅಕ್ಕತಂಗಿಯರಿಂದ ಸಹಿ ಹಾಕಿಸಿಕೊಳ್ಳುವ ಅಣ್ಣತಮ್ಮಂದಿರಿದ್ದಾರೆ. ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಿಂದ ಅವಳು ಸಹಿ ಹಾಕುವಳು. ಅದು ಪ್ರೀತಿಯಿಂದ ಕೊಟ್ಟದ್ದಲ್ಲ. ವರದಕ್ಷಿಣೆಯನ್ನು 1961ರ ಕಾಯ್ದೆಯು ನಿಷೇಧಿಸಿದೆ. ಕ್ರೈಸ್ತರ ಮನೆಯಲ್ಲಿ ಅದು ಉಡುಗೊರೆಯೆಂಬ ಹೆಸರಿನಿಂದ ಬಂದರೂ ವರದಕ್ಷಿಣೆಯೇ. ಪಾದ್ರಿಗಳು ಪೀಠದ ಮುಂದೆ ವಧುವಿನ ಒಪ್ಪಿಗೆಯನ್ನು ವರನ ಒಪ್ಪಿಗೆಯಷ್ಟೇ ಗಟ್ಟಿಯಾಗಿ ಕೇಳುವರು. ಅದನ್ನು ನಿಶ್ಚಯಕ್ಕೆ ಮೊದಲೇ ನೀವು ಕೇಳಿದ್ದೀರೋ? ಬೇಡವೆನ್ನಲು ಅವಳಿಗೆ ಧೈರ್ಯವಿತ್ತೋ?

ಹಳೇ ವಿದ್ಯಾರ್ಥಿನಿಯರೇ, ನೀವು ಈಗ ಮಕ್ಕಳನ್ನು ಬೆಳೆಸುತ್ತಿರುವಿರಿ. ಮಗಳಿಗೆ ಹಕ್ಕನ್ನು ತಿಳಿಸಿದಂತೆಯೇ ಮಗನಿಗೆ ಒಲೆಯ ಕೆಲಸವನ್ನೂ ತಂಗಿಯ ಪಾಲನ್ನೂ ತಿಳಿಸಿರಿ. ಗಂಡನೂ ಹೆಂಡತಿಯೂ ಕೂಡಿ ಆಲೋಚಿಸಿ, ಕೂಡಿ ದುಡಿದು, ಕೂಡಿ ಪ್ರಾರ್ಥಿಸುವ ಮನೆಗಳು ನಮ್ಮ ಈ ಊರುಗಳಲ್ಲಿ ಹೆಚ್ಚಲಿ ಎಂದು ನಾವು ಹಾರೈಸುವೆವು.