ಪ್ಯಾಂಟಿನ ಸೊಂಟ ಹೇಳಿದ ಕಥೆ

ಲಂಡನ್ನಿನ ಕೆಂಪು ಡಬಲ್ ಡೆಕ್ಕರ್ ಬಸ್ಸನ್ನು ನೀವು ಚಿತ್ರದಲ್ಲಾದರೂ ನೋಡಿರುತ್ತೀರಿ. ಸುಮಾರು ಎಪ್ಪತ್ತು ವರ್ಷಗಳ ಹಿಂದೆ ಆ ಬಸ್ಸಿನ ಡ್ರೈವರ್ ಪಾಳಿಯ ಬಹುಪಾಲು ಕುಳಿತೇ ಇರುತ್ತಿದ್ದ. ಕಂಡಕ್ಟರ್ ಮಾತ್ರ ಟಿಕೆಟ್ ಕೊಡುತ್ತಾ ದಿನಕ್ಕೆ ಐನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತುತ್ತಿದ್ದ. ಜೆರ್ರಿ ಮಾರಿಸ್ ಎಂಬ ವೈದ್ಯರು ಸಂಗಡಿಗರೊಂದಿಗೆ ಇವರಿಬ್ಬರ ಆರೋಗ್ಯವನ್ನು ಹೋಲಿಸಿ, ಡ್ರೈವರುಗಳಲ್ಲೇ ಹೃದ್ರೋಗ ಹೆಚ್ಚು ಎಂದು 1953ರಲ್ಲಿ ತೋರಿಸಿದರು. ಮೂರು ವರ್ಷಗಳ ಬಳಿಕ ಅವರು ಕೈಗೆತ್ತಿಕೊಂಡದ್ದು ಯಾರಿಗೂ ಹೊಳೆಯದ ದಾಖಲೆ: ನೌಕರರ ಸಮವಸ್ತ್ರದ ಅಳತೆ! ಒಂದೇ ವಯಸ್ಸಿನವರನ್ನು ಹೋಲಿಸಿದಾಗಲೂ ಡ್ರೈವರುಗಳ ಪ್ಯಾಂಟಿನ ಸೊಂಟವೇ ದೊಡ್ಡದು.

ಕುಳಿತು ಕುಳಿತು ದಪ್ಪಗಾದರೋ, ದಪ್ಪಗಿದ್ದವರೇ ಡ್ರೈವರ್ ಕೆಲಸ ಹಿಡಿದರೋ? ಹೀಗೆ ಕೇಳುವ ಮಗು ಜಾಣ ಮಗು. ಚಿಕ್ಕ ವಯಸ್ಸಿನ ಡ್ರೈವರುಗಳ ಪ್ಯಾಂಟೂ ದೊಡ್ಡದೇ ಇತ್ತು. ಆದ್ದರಿಂದ ಎರಡೂ ಸ್ವಲ್ಪ ಸ್ವಲ್ಪ ನಿಜವಿರಬಹುದು. ಬೊಜ್ಜಿಗೆ ಕಾರಣ ಒಂದೇ ಇರುವುದಿಲ್ಲ.

ಈಗ ನಮ್ಮ ಮನೆಗೆ ಬರೋಣ. ಅಪ್ಪನ ತೂಕವನ್ನು ಎತ್ತರದಿಂದ ಎರಡು ಸಲ ಭಾಗಿಸಿ. ತೂಕ 64 ಕಿಲೋ, ಎತ್ತರ 1.6 ಮೀಟರ್ ಆದರೆ ಉತ್ತರ 25. ಇದೇ ಬಿಎಂಐ. ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಲೆಕ್ಕದಲ್ಲಿ 30 ದಾಟಿದರೆ ಬೊಜ್ಜು. ಭಾರತೀಯರಿಗೆ ನಮ್ಮ ವೈದ್ಯರು 23ಕ್ಕೇ ಎಚ್ಚರಿಕೆಯ ಗೆರೆ, 25ಕ್ಕೆ ಬೊಜ್ಜಿನ ಗೆರೆ ಎಳೆದಿದ್ದಾರೆ. ನಮಗೇಕೆ ಈ ಕಟ್ಟುನಿಟ್ಟು? ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಜಾನ್ ಯುಡ್ಕಿನ್ ಗೆಳೆಯರು. ಇಬ್ಬರ ಬಿಎಂಐ 22.3. ಆದರೆ ದೇಹದ ಕೊಬ್ಬು ಅಳೆದರೆ ಯುಡ್ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2! ತಮ್ಮಿಬ್ಬರ ಫೋಟೋ ಸಮೇತ ಅವರು ಇದನ್ನು 2004ರಲ್ಲಿ ಪ್ರಕಟಿಸಿದರು. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದ ದೇಹ ನಮ್ಮಲ್ಲಿ ಅಪರೂಪವಲ್ಲ. ಅದನ್ನು ತಕ್ಕಡಿ ಹಿಡಿಯಲಾರದು.

ದಾರ ಹಿಡಿಯುತ್ತದೆ. ಅಪ್ಪನ ಎತ್ತರದಷ್ಟು ದಾರ ಕತ್ತರಿಸಿ, ಮಧ್ಯಕ್ಕೆ ಮಡಚಿ ಸೊಂಟಕ್ಕೆ ಸುತ್ತಿ. ತುದಿಗಳು ಸೇರದಿದ್ದರೆ ಹೊಟ್ಟೆಯ ಕೊಬ್ಬು ಹೆಚ್ಚಿದೆ ಎಂದರ್ಥ. ಟೇಪು ಇದ್ದರೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮಿತಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಸಹಜವಾಗಿ ಉಸಿರು ಬಿಟ್ಟಾಗ ಅಳೆಯಬೇಕು. "ನನ್ನ ಪ್ಯಾಂಟು ಇನ್ನೂ 34" ಎಂಬ ಮಾತನ್ನು ನಂಬಬೇಡಿ. ಆ ಪ್ಯಾಂಟು ಹೊಟ್ಟೆಯ ಕೆಳಗೆ ನಿಂತಿರುತ್ತದೆ! ಈ ಅಂಕಿಗಳು ದೊಡ್ಡವರಿಗೆ ಮಾತ್ರ. ಗರ್ಭಿಣಿಯರಿಗೆ ಅನ್ವಯಿಸುವುದಿಲ್ಲ, ಮಕ್ಕಳಿಗೆ ಬೇರೆಯೇ ಪಟ್ಟಿ ಇದೆ. ಅಳೆದ ಮೇಲೆ "ಡುಮ್ಮ" ಎಂದರೆ ಮುಂದಿನ ಸಲ ಯಾರೂ ಅಳೆಯಲು ಬಿಡುವುದಿಲ್ಲ.

ಅಂಕಿಯ ಹಿಂದಿನ ಕಾರಣ ಹುಡುಕಲು ಒಂದು ನೋಟ್‌ಬುಕ್ ಸಾಕು. ಒಂದು ವಾರ ಅಪ್ಪ ಅಮ್ಮ ಎಷ್ಟು ಗಂಟೆ ಕುಳಿತರು, ಎಷ್ಟು ನಿಮಿಷ ಚುರುಕಾಗಿ ನಡೆದರು, ರಾತ್ರಿ ಎಷ್ಟು ನಿದ್ದೆ ಮಾಡಿದರು ಎಂದು ಮೊಮ್ಮಗಳು ಬರೆಯಲಿ. ವಾರಕ್ಕೆ ಕನಿಷ್ಠ 150 ನಿಮಿಷ ಬೆವರು ಬರುವಂಥ ನಡಿಗೆ ಬೇಕು. ನಿದ್ದೆ ಏಳು ಗಂಟೆಗಿಂತ ಕಡಿಮೆಯಾದರೆ ಹಸಿವು ಹೆಚ್ಚುತ್ತದೆ.

ಊಟದ ಲೆಕ್ಕ ಬಾಯಿಮಾತಿನಲ್ಲಿ ಸರಿಬರುವುದಿಲ್ಲ. ಅಡುಗೆಮನೆಯಲ್ಲಿ ನಿಂತೇ ಬಾಯಿಗೆ ಹಾಕಿಕೊಂಡ ಎರಡು ಚಕ್ಕುಲಿ ಯಾರಿಗೂ ನೆನಪಿರುವುದಿಲ್ಲ. ಅದಕ್ಕೇ ಡಬ್ಬಿಯನ್ನು ಕೇಳಿ. ನಾಲ್ವರ ಮನೆಗೆ ತಿಂಗಳಿಗೆ 5 ಲೀಟರ್ ಎಣ್ಣೆ ಬಂದರೆ ತಲೆಗೆ ದಿನಕ್ಕೆ ಸುಮಾರು 42 ಮಿಲಿಲೀಟರ್, ಅಂದರೆ ಎಂಟು ಟೀ ಚಮಚ. ಕುಳಿತು ಕೆಲಸ ಮಾಡುವವರಿಗೆ ಇದು ಜಾಸ್ತಿಯೇ. ಹೋಟೆಲಿನ ಮಸಾಲೆ ದೋಸೆ, ಸಂಜೆಯ ಬೋಂಡಾ ಈ ಲೆಕ್ಕಕ್ಕೆ ಸೇರಿಲ್ಲ. ಸಕ್ಕರೆಯನ್ನೂ ಹೀಗೇ ಭಾಗಿಸಿ. ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು. ಎರಡೆರಡು ಚಮಚ ಹಾಕಿದ ಮೂರು ಲೋಟ ಕಾಫಿಯಲ್ಲೇ ಅದು ಮುಗಿಯುತ್ತದೆ.

ಅಜ್ಜಿಯರಲ್ಲೊಂದು ವಿನಂತಿ. ಮಗನ ತಟ್ಟೆಗೆ ಎರಡನೇ ಸಲ ಬೀಳುವ ತುಪ್ಪ ನೋಟ್‌ಬುಕ್ಕಿಗೆ ಸೇರಲಿ. ನೀವು ಮಾತ್ರ ಇದನ್ನೆಲ್ಲ ಓದಿ ಊಟ ಬಿಡಬೇಡಿ. ಇಳಿವಯಸ್ಸಿನಲ್ಲಿ ಪಥ್ಯ ಮಾಡಿದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಪ್ರಯತ್ನಿಸದೆ ತೂಕ ಇಳಿದರಂತೂ ವೈದ್ಯರಿಗೆ ಹೇಳಲೇಬೇಕು.

ದಾರದ ತುದಿಗಳು ಸೇರದವರು ನೋಟ್‌ಬುಕ್ಕನ್ನೇ ಹಿಡಿದು ವೈದ್ಯರ ಬಳಿ ಹೋಗಲಿ. ಅವರು ರಕ್ತದೊತ್ತಡ, ಸಕ್ಕರೆ, ಕೊಬ್ಬು ನೋಡುತ್ತಾರೆ, ಅಗತ್ಯವಿದ್ದರೆ ಥೈರಾಯ್ಡ್ ಪರೀಕ್ಷೆಗೂ ಬರೆಯುತ್ತಾರೆ. ಸ್ಟೀರಾಯ್ಡ್‌ನಂಥ ಕೆಲವು ಔಷಧಗಳಿಂದಲೂ ತೂಕ ಏರುವುದರಿಂದ ಮಾತ್ರೆಗಳ ಚೀಟಿಯೂ ಜೊತೆಗಿರಲಿ. ದಾರವನ್ನು ಎಸೆಯಬೇಡಿ, ಮೂರು ತಿಂಗಳ ನಂತರ ಮತ್ತೆ ಸುತ್ತಿ ನೋಡಲು ಬೇಕಾಗುತ್ತದೆ.